ಅರ್ಧಕ್ಕೆ ಬಿಟ್ಟವರು ಎಲ್ಲಿ ಬಿಟ್ಟರು? ಅಮೆರಿಕದ ಕಮ್ಯುನಿಟಿ ಕಾಲೇಜುಗಳಿಗೆ ಡೇಟಾ ತೋರಿಸಿದ್ದು

ಅಮೆರಿಕದಲ್ಲಿ ಕಮ್ಯುನಿಟಿ ಕಾಲೇಜಿಗೆ ಸೇರುವುದು ಸುಲಭ. ಕಟ್‌ಆಫ್ ಇಲ್ಲ, ಡೊನೇಷನ್ ಇಲ್ಲ, ರ‍್ಯಾಂಕು ಬೇಕಿಲ್ಲ. ಹೈಸ್ಕೂಲು (ಅಲ್ಲಿ ಅಂದರೆ ಹನ್ನೆರಡನೇ ಕ್ಲಾಸಿನವರೆಗೆ) ಮುಗಿಸಿದವರು ಯಾರು ಬೇಕಾದರೂ ಸೇರಬಹುದು. ಕಷ್ಟ ಇರುವುದು ಮುಗಿಸುವುದರಲ್ಲಿ. ಸರ್ಕಾರಿ ಕಮ್ಯುನಿಟಿ ಕಾಲೇಜಿಗೆ ಹೊಸದಾಗಿ ಸೇರಿದ ನೂರು ಜನರಲ್ಲಿ, ಆರು ವರ್ಷ ಕಳೆದ ಮೇಲೂ, ಡಿಗ್ರಿಯೋ ಸರ್ಟಿಫಿಕೇಟೋ ಕೈಗೆ ಬಂದವರು 43ರ ಆಸುಪಾಸು. ಕೋರ್ಸು ಇರುವುದು ಎರಡೇ ವರ್ಷದ್ದು.

ಈ ಕಾಲೇಜುಗಳ ಬಗ್ಗೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಇವುಗಳಲ್ಲಿ ಎಲ್ಲಕ್ಕಿಂತ ಹಳೆಯದು 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ ಶುರುವಾಯಿತು. ಈಗ ದೇಶದಲ್ಲಿ ಸಾವಿರದಷ್ಟು ಇವೆ. ಫೀಸು ಕಡಿಮೆ. ಎರಡು ವರ್ಷ ಓದಿದರೆ ಅಸೋಸಿಯೇಟ್ ಡಿಗ್ರಿ. ಅಲ್ಲಿಂದ ಯೂನಿವರ್ಸಿಟಿಗೆ ಹೋಗಿ ಮೂರನೇ ವರ್ಷಕ್ಕೆ ಸೇರಬಹುದು. ನಮ್ಮಲ್ಲಿ ಡಿಪ್ಲೊಮಾ ಮುಗಿಸಿದವರು ಲ್ಯಾಟರಲ್ ಎಂಟ್ರಿಯಲ್ಲಿ ಬಿ.ಇ. ಎರಡನೇ ವರ್ಷಕ್ಕೆ ಸೇರುತ್ತಾರಲ್ಲ, ಹೆಚ್ಚುಕಡಿಮೆ ಹಾಗೆ. ಕ್ಯಾಲಿಫೋರ್ನಿಯಾದ ಕ್ಯುಪರ್ಟಿನೋ, ಸ್ಯಾನ್ ಹೋಸೆ ಕಡೆ ಇರುವ ಕನ್ನಡಿಗರಿಗೆ ಡಿ ಅಂಜಾ ಕಾಲೇಜು ಹೊಸ ಹೆಸರೇನಲ್ಲ. ಅದೂ ಕಮ್ಯುನಿಟಿ ಕಾಲೇಜೇ.

ಇಲ್ಲಿಗೆ ಬರುವವರಲ್ಲಿ ಹದಿನೆಂಟರ ಹುಡುಗರೂ ಇದ್ದಾರೆ, ಮಕ್ಕಳಿರುವ ತಾಯಂದಿರೂ ಇದ್ದಾರೆ, ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಕ್ಲಾಸಿಗೆ ಬಂದು ಕೂರುವವರೂ ಇದ್ದಾರೆ. ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಜನ ಪಾರ್ಟ್‌ಟೈಮ್ ಓದುವವರು. ಹಾಗಾಗಿ ಮುಗಿಸುವವರು ಕಡಿಮೆ ಅಂದಾಗ ಎಲ್ಲರ ಬಾಯಿಗೂ ಮೊದಲು ಬರುವ ಉತ್ತರ ಒಂದೇ: ಬರುವವರೇ ಹಾಗಿದ್ದಾರೆ, ಕಾಲೇಜು ಏನು ಮಾಡೋಕಾಗುತ್ತೆ?

ಕಳೆದ ಇಪ್ಪತ್ತು ವರ್ಷಗಳಲ್ಲಿ ಈ ಉತ್ತರ ಅಲ್ಲಾಡಿದೆ. ವಿದ್ಯಾರ್ಥಿಗಳ ದಾಖಲೆಗಳನ್ನು ಕೂಡಿಸಿ ನೋಡಿದಾಗ ಹುಡುಗರ ಬಗ್ಗೆ ಗೊತ್ತಾಗಿದ್ದಕ್ಕಿಂತ ಕಾಲೇಜಿನ ಬಗ್ಗೆ ಗೊತ್ತಾಗಿದ್ದೇ ಜಾಸ್ತಿ. 2004ರಲ್ಲಿ ಲುಮಿನಾ ಫೌಂಡೇಶನ್ ನೆರವಿನಿಂದ ಶುರುವಾದ ‘ಅಚೀವಿಂಗ್ ದ ಡ್ರೀಮ್’ ಅನ್ನೋ ಕಾರ್ಯಕ್ರಮ ಕಾಲೇಜುಗಳಿಗೆ ಹೇಳಿದ್ದು ಇಷ್ಟೇ: ಸುಧಾರಣೆ ಆಮೇಲೆ, ಮೊದಲು ನಿಮ್ಮ ಅಂಕಿಅಂಶ ತೆಗೆದು ಮೇಜಿನ ಮೇಲಿಡಿ. ತೆಗೆದಿಟ್ಟವರಲ್ಲಿ ಹಲವರಿಗೆ ಅಲ್ಲಿ ಕಂಡದ್ದು ಹಿಡಿಸಲಿಲ್ಲ.

ಯಾರನ್ನು ಎಣಿಸುತ್ತೀರಿ?

ಮೊದಲ ತೊಡಕು ಎಣಿಕೆಯದ್ದೇ. ಕಾಲೇಜುಗಳು ಎಷ್ಟು ಜನ ಮುಗಿಸಿದರು ಅಂತ ಹೇಳಲೇಬೇಕು ಎಂದು 1990ರಲ್ಲಿ ಅಮೆರಿಕದಲ್ಲಿ ಕಾನೂನು ಬಂತು. ಸರಿ, ಯಾರನ್ನು ಎಣಿಸುವುದು? ಮೊದಲ ಸಲ ಕಾಲೇಜಿಗೆ ಬಂದವರು ಮತ್ತು ಫುಲ್‌ಟೈಮ್ ಓದುವವರು, ಇಷ್ಟೇ ಜನ. ಕೋರ್ಸಿನ ಅವಧಿಯ ಒಂದೂವರೆ ಪಟ್ಟು ಸಮಯ, ಅಂದರೆ ಎರಡು ವರ್ಷದ ಡಿಗ್ರಿಗೆ ಮೂರು ವರ್ಷ, ಅಷ್ಟರಲ್ಲಿ ಮುಗಿಸಿದರೆ ಲೆಕ್ಕಕ್ಕೆ ಬರುತ್ತಾರೆ. ಈ ಲೆಕ್ಕದಲ್ಲಿ ಸರ್ಕಾರಿ ಕಮ್ಯುನಿಟಿ ಕಾಲೇಜುಗಳಲ್ಲಿ ಮುಗಿಸಿದವರು ಶೇ. 30ರ ಆಸುಪಾಸು.

ಈಗ ಒಬ್ಬಳನ್ನು ಊಹಿಸಿಕೊಳ್ಳಿ. ಕೆಲಸ ಮಾಡುತ್ತಾ ಸೆಮಿಸ್ಟರಿಗೆ ಎರಡೇ ಸಬ್ಜೆಕ್ಟ್ ತೆಗೆದುಕೊಂಡು ಐದು ವರ್ಷದಲ್ಲಿ ಡಿಗ್ರಿ ಮುಗಿಸಿದಳು. ಈ ಲೆಕ್ಕದಲ್ಲಿ ಅವಳು ಇಲ್ಲವೇ ಇಲ್ಲ. ಪಾಸಾದವರ ಪಟ್ಟಿಯಲ್ಲೂ ಇಲ್ಲ, ಬಿಟ್ಟವರ ಪಟ್ಟಿಯಲ್ಲೂ ಇಲ್ಲ. ಇನ್ನೊಬ್ಬ ಒಂದು ವರ್ಷ ಇಲ್ಲಿ ಓದಿ, ಇಲ್ಲಿನ ಡಿಗ್ರಿ ತೆಗೆದುಕೊಳ್ಳದೆ ಯೂನಿವರ್ಸಿಟಿಗೆ ಹಾರಿದ, ಅಲ್ಲಿ ಬಿ.ಎ. ಮುಗಿಸಿದ. ಕಾಲೇಜಿನ ದಾಖಲೆಯಲ್ಲಿ ಅವನು ಮುಗಿಸದವನು. ಮೂರರಲ್ಲಿ ಎರಡು ಪಾಲು ಜನ ಪಾರ್ಟ್‌ಟೈಮ್ ಓದುವ ಕಡೆ ಈ ಲೆಕ್ಕ ಎಷ್ಟರ ಮಟ್ಟಿಗೆ ಸರಿ ಅನ್ನೋದನ್ನು ನೀವೇ ಯೋಚಿಸಿ.

ಪ್ರತಿ ವಿದ್ಯಾರ್ಥಿಯನ್ನೂ ಊರಿಂದೂರಿಗೆ ಹಿಂಬಾಲಿಸಿ ಎಣಿಸಿದರೆ ಆಯ್ತಲ್ವಾ ಅನ್ನಬಹುದು. ಅಂಥ ಒಂದು ರಾಷ್ಟ್ರೀಯ ದಾಖಲೆ ಇಟ್ಟುಕೊಳ್ಳಬಾರದು ಎಂದು 2008ರಲ್ಲಿ ಅಮೆರಿಕದ ಸಂಸತ್ತು ಕಾನೂನಿನಲ್ಲೇ ಬರೆದುಬಿಟ್ಟಿದೆ. ಜನರ ಖಾಸಗಿ ಮಾಹಿತಿ ಸರ್ಕಾರದ ಕೈಗೆ ಹೋಗಬಾರದು ಅನ್ನುವುದು ವಾದ. ಆ ಜಾಗವನ್ನು ಈಗ ತುಂಬಿರುವುದು ‘ನ್ಯಾಷನಲ್ ಸ್ಟೂಡೆಂಟ್ ಕ್ಲಿಯರಿಂಗ್‌ಹೌಸ್’ ಎಂಬ ಲಾಭರಹಿತ ಸಂಸ್ಥೆ. ಇದು 1993ರಲ್ಲಿ ಹುಟ್ಟಿದ್ದು ಬೇರೆಯೇ ಕೆಲಸಕ್ಕೆ: ಸಾಲ ತೆಗೆದುಕೊಂಡ ಹುಡುಗ ಇನ್ನೂ ಓದುತ್ತಿದ್ದಾನೋ ಇಲ್ಲವೋ ಅಂತ ಸಾಲ ಕೊಟ್ಟವರಿಗೆ ತಿಳಿಸಲು. ಸಾಲ ವಸೂಲಿಗೆ ಬೇಕಾಗಿ ಕೂಡಿಟ್ಟ ದಾಖಲೆಯೇ ಇವತ್ತು ಯಾರು ಎಲ್ಲಿ ಸೇರಿ ಎಲ್ಲಿ ಮುಗಿಸಿದರು ಅಂತ ಹೇಳುತ್ತಿದೆ. ಮೊದಲು ಹೇಳಿದ 43 ಬಂದದ್ದು ಇಲ್ಲಿಂದಲೇ. ಅದರಲ್ಲಿ ಪಾರ್ಟ್‌ಟೈಮಿನವರೂ ಸೇರಿದ್ದಾರೆ, ಬೇರೆ ಕಾಲೇಜಿಗೆ ಹೋಗಿ ಮುಗಿಸಿದವರೂ ಸೇರಿದ್ದಾರೆ.

ಹೀಗೆ ಸರಿಯಾಗಿ ಎಣಿಸಿದರೂ 57 ಜನ ಉಳಿಯುತ್ತಾರೆ. ಕೆಲವರು ಇನ್ನೂ ಓದುತ್ತಿರುತ್ತಾರೆ, ಉಳಿದವರು ಬಿಟ್ಟಿರುತ್ತಾರೆ. ಸೇರುವಾಗ ನೂರಕ್ಕೆ 80 ಜನ ಮುಂದೆ ಬ್ಯಾಚುಲರ್ ಡಿಗ್ರಿ ಮಾಡುತ್ತೇವೆ ಅನ್ನುತ್ತಾರೆ. ಆರು ವರ್ಷದಲ್ಲಿ ಅದನ್ನು ಪಡೆಯುವವರು 16ರಷ್ಟು.

ನೂರು ಜನ ಹದಿನಾರು ಆಗುವ ಬಗೆ

ಎಲ್ಲಿ ಬಿಡುತ್ತಾರೆ ಅನ್ನುವ ಪ್ರಶ್ನೆಗೆ ಅತಿ ದೊಡ್ಡ ಉತ್ತರ ಸಿಕ್ಕಿದ್ದು ಗಣಿತದಲ್ಲಿ.

ತುಂಬಾ ವರ್ಷ ನಡೆದುಕೊಂಡು ಬಂದ ಪದ್ಧತಿ ಹೀಗಿತ್ತು. ಸೇರಲು ಬಂದವರನ್ನು ಮೊದಲು ಕಂಪ್ಯೂಟರಿನ ಮುಂದೆ ಕೂರಿಸಿ ಪ್ಲೇಸ್‌ಮೆಂಟ್ ಟೆಸ್ಟ್ ಕೊಡುತ್ತಿದ್ದರು. ಅಕ್ಯುಪ್ಲೇಸರ್, ಕಂಪಾಸ್ ಅಂತ ಎರಡು ಹೆಸರಾಂತ ಪರೀಕ್ಷೆಗಳು. ಭಿನ್ನರಾಶಿ, ಶೇಕಡಾವಾರು, ಬೀಜಗಣಿತ. ಎಷ್ಟೋ ಜನ ಸುಮ್ನೆ ಒಂದು ಫಾರ್ಮ್ಯಾಲಿಟಿ ಅಂದುಕೊಂಡು, ಏನೂ ಓದಿಕೊಳ್ಳದೆ ಬಂದು ಬರೆದು ಹೋಗುತ್ತಿದ್ದರು. ಅಂಕ ಕಡಿಮೆ ಬಂದರೆ ಕಾಲೇಜು ಮಟ್ಟದ ಗಣಿತಕ್ಕೆ ಪ್ರವೇಶವಿಲ್ಲ. ಮೊದಲು ರೆಮಿಡಿಯಲ್ ಕ್ಲಾಸು. ಒಂದಲ್ಲ, ಕೆಲವರಿಗೆ ಎರಡು, ಕೆಲವರಿಗೆ ಮೂರು ಹಂತ. ಒಂದೊಂದು ಹಂತಕ್ಕೂ ಒಂದು ಸೆಮಿಸ್ಟರ್. ಫೀಸು ಕಟ್ಟಬೇಕು, ಡಿಗ್ರಿಗೆ ಮಾತ್ರ ಅದರ ಕ್ರೆಡಿಟ್ ಸೇರುವುದಿಲ್ಲ.

ಉದ್ದೇಶ ಕೆಟ್ಟದ್ದೇನಲ್ಲ. ಅಡಿಪಾಯ ಗಟ್ಟಿಯಾಗಲಿ ಅಂತ. ಮೇಷ್ಟ್ರುಗಳೂ ಮನಸ್ಸಿಟ್ಟು ಕಲಿಸುತ್ತಿದ್ದರು. ಆದರೆ ಒಂದು ಸಣ್ಣ ಗುಣಾಕಾರ ಮಾಡಿ ನೋಡೋಣ. ಅಂಕಿ ನನ್ನ ಊಹೆಯವು, ಲೆಕ್ಕ ಹೇಗೆ ನಡೆಯುತ್ತದೆ ಅಂತ ತೋರಿಸಲು ಅಷ್ಟೇ.

ಮೂರು ಹಂತ ಕೆಳಗಿನಿಂದ ನೂರು ಜನ ಶುರು ಮಾಡಿದರು ಅನ್ನಿ. ಪ್ರತಿ ಹಂತದಲ್ಲೂ ಶೇ. 75 ಜನ ಪಾಸಾಗುತ್ತಾರೆ. ಒಳ್ಳೆಯ ಫಲಿತಾಂಶವೇ. ಪಾಸಾದವರಲ್ಲಿ ಶೇ. 80 ಜನ ಮುಂದಿನ ಸೆಮಿಸ್ಟರಿನಲ್ಲಿ ಮುಂದಿನ ಹಂತಕ್ಕೆ ಸೇರುತ್ತಾರೆ. ಮೊದಲ ಹಂತ: ನೂರರಲ್ಲಿ 75 ಪಾಸು, ಮುಂದಕ್ಕೆ ಸೇರಿದವರು 60. ಎರಡನೇ ಹಂತ: 45 ಪಾಸು, ಸೇರಿದವರು 36. ಮೂರನೇ ಹಂತ: 27 ಪಾಸು, ಕಾಲೇಜು ಗಣಿತಕ್ಕೆ ಬಂದವರು 22. ಅದರಲ್ಲಿ ಪಾಸಾದವರು 16. (ಮೇಲೆ ಹೇಳಿದ ಬ್ಯಾಚುಲರ್ ಡಿಗ್ರಿಯ 16 ಬೇರೆ, ಇದು ಬೇರೆ.)

ಇದರಲ್ಲಿ ಗಮನಿಸಬೇಕಾದ್ದು ಏನು ಗೊತ್ತಾ? ಯಾವ ಮೇಷ್ಟ್ರೂ ತಪ್ಪು ಮಾಡಿಲ್ಲ. ಯಾರನ್ನು ಕೇಳಿದರೂ ‘ನನ್ನ ಕ್ಲಾಸಿನಲ್ಲಿ ನಾಲ್ಕರಲ್ಲಿ ಮೂರು ಜನ ಪಾಸು’ ಅನ್ನುತ್ತಾರೆ, ಅದು ನಿಜವೇ. ನೂರು ಜನ ಹದಿನಾರು ಆಗಿದ್ದು ಯಾವ ಒಂದು ಕ್ಲಾಸಿನ ಹಾಜರಿ ಪುಸ್ತಕದಲ್ಲೂ ಕಾಣುವುದಿಲ್ಲ. ನಾಲ್ಕು ಸೆಮಿಸ್ಟರಿನ ದಾಖಲೆಯನ್ನು ಒಬ್ಬೊಬ್ಬ ವಿದ್ಯಾರ್ಥಿಯ ಹೆಸರಿಗೆ ಜೋಡಿಸಿದಾಗ ಮಾತ್ರ ಕಾಣುತ್ತದೆ. ಅದನ್ನು ಜೋಡಿಸುವ ಕೆಲಸವನ್ನು ಯಾರೂ ಮಾಡುತ್ತಿರಲಿಲ್ಲ.

ಜೋಡಿಸಿದವರು ನ್ಯೂಯಾರ್ಕಿನ ಕೊಲಂಬಿಯಾ ಯೂನಿವರ್ಸಿಟಿಯ ಟೀಚರ್ಸ್ ಕಾಲೇಜಿನಲ್ಲಿರುವ ಕಮ್ಯುನಿಟಿ ಕಾಲೇಜು ಸಂಶೋಧನಾ ಕೇಂದ್ರದವರು. ಅಚೀವಿಂಗ್ ದ ಡ್ರೀಮ್‌ಗೆ ಸೇರಿದ 57 ಕಾಲೇಜುಗಳ ಎರಡೂವರೆ ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳ ದಾಖಲೆ ನೋಡಿ 2010ರಲ್ಲಿ ಅವರು ಹೇಳಿದ್ದು ಇದು: ರೆಮಿಡಿಯಲ್ ಗಣಿತಕ್ಕೆ ಕಳಿಸಿದವರಲ್ಲಿ ಮೂರು ವರ್ಷದಲ್ಲಿ ಆ ಹಂತಗಳನ್ನೆಲ್ಲ ದಾಟಿದವರು ಶೇ. 33. ಓದುವಿಕೆಯ ರೆಮಿಡಿಯಲ್‌ನಲ್ಲಿ ಶೇ. 46. ಇದಕ್ಕಿಂತ ಆಶ್ಚರ್ಯದ ಸಂಗತಿ ಇನ್ನೊಂದಿತ್ತು. ಕಳಿಸಿದವರಲ್ಲಿ ಸುಮಾರು ಶೇ. 30 ಜನ ಮೊದಲ ಕ್ಲಾಸಿಗೂ ಸೇರಿರಲಿಲ್ಲ. ಫೇಲಾಗಿ ಬಿಟ್ಟವರಿಗಿಂತ, ಮೊದಲ ಕ್ಲಾಸಿಗೋ ಮುಂದಿನದಕ್ಕೋ ಸೇರದೆಯೇ ಬಿಟ್ಟವರು ಜಾಸ್ತಿ.

ಮೂರು ಬಸ್ಸು ಬದಲಿಸಿ ಊರಿಗೆ ಹೋಗುವವರಿಗೆ ಇದು ಹೊಸದಲ್ಲ. ಹತ್ತಿದ ಬಸ್ಸು ಹೇಗೋ ಮುಟ್ಟಿಸುತ್ತದೆ, ಆಟ ಕೆಡುವುದು ಬಸ್‌ಸ್ಟ್ಯಾಂಡಿನಲ್ಲಿ. ಕಾಲೇಜುಗಳು ವರ್ಷಗಟ್ಟಲೆ ಬಸ್ಸಿನ ಒಳಗೇ ರಿಪೇರಿ ಮಾಡುತ್ತಾ ಕೂತಿದ್ದವು: ಹೊಸ ಪುಸ್ತಕ, ಹೊಸ ಕಂಪ್ಯೂಟರ್ ಲ್ಯಾಬು, ಹೆಚ್ಚುವರಿ ಟ್ಯೂಷನ್. ಬಸ್ಸು ಬದಲಿಸುವುದನ್ನೇ ಕಡಿಮೆ ಮಾಡಿದರೆ ಹೇಗೆ ಅಂತ ಯೋಚಿಸಿದವರು ಕಡಿಮೆ.

ಅದೇ ಕೇಂದ್ರದ ಜೂಡಿತ್ ಸ್ಕಾಟ್-ಕ್ಲೇಟನ್ 2012ರಲ್ಲಿ ಇನ್ನೊಂದು ಪ್ರಶ್ನೆ ಎತ್ತಿದರು. ಈ ಪರೀಕ್ಷೆ ಸರಿಯಾದವರನ್ನು ಸರಿಯಾದ ಕಡೆ ಕಳಿಸುತ್ತಿದೆಯಾ? ಇಲ್ಲ ಎಂದು ದಾಖಲೆ ಹೇಳಿತು. ಗಣಿತದಲ್ಲಿ ಸುಮಾರು ಕಾಲು ಭಾಗ, ಇಂಗ್ಲಿಷಿನಲ್ಲಿ ಸುಮಾರು ಮೂರನೇ ಒಂದು ಭಾಗ ಜನ ಪೂರ್ತಿ ತಪ್ಪು ಜಾಗಕ್ಕೆ ಹೋಗಿದ್ದರು. ಬಹುಪಾಲು ತಪ್ಪು ಒಂದೇ ದಿಕ್ಕಿನದು: ನೇರ ಕಾಲೇಜು ಕ್ಲಾಸಿನಲ್ಲಿ ಕೂರಿಸಿದ್ದರೆ ಚೆನ್ನಾಗಿಯೇ ಪಾಸಾಗುತ್ತಿದ್ದವರನ್ನು ಕೆಳಗೆ ತಳ್ಳಲಾಗಿತ್ತು. ಒಂದು ಮಧ್ಯಾಹ್ನದ ಪರೀಕ್ಷೆಗಿಂತ ಹೈಸ್ಕೂಲಿನ ನಾಲ್ಕು ವರ್ಷದ ಅಂಕಗಳೇ ಹೆಚ್ಚು ನಂಬಿಕೆಗೆ ಅರ್ಹ ಎಂದೂ ಗೊತ್ತಾಯಿತು. ಆ ಅಂಕಪಟ್ಟಿ ಕಾಲೇಜಿಗೆ ಹೊಸದಾಗಿ ಹುಟ್ಟಿಸಬೇಕಾದ ಡೇಟಾ ಅಲ್ಲ. ಕೇಳಿದರೆ ಸಿಗುವಂಥದ್ದು.

2012ರಲ್ಲಿ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್ ಸಿಟಿ ಕಾಲೇಜು ತನ್ನ ಊರಿನ ಹೈಸ್ಕೂಲುಗಳಿಂದ ಅಂಕಪಟ್ಟಿ ತರಿಸಿಕೊಂಡು ಅದರ ಮೇಲೆ ಕ್ಲಾಸು ಹಂಚಲು ಶುರು ಮಾಡಿತು. ಕಂಪಾಸ್ ಪರೀಕ್ಷೆಯನ್ನು ನಡೆಸುತ್ತಿದ್ದವರೇ 2016ರ ಕೊನೆಗೆ ಅದನ್ನು ನಿಲ್ಲಿಸಿದರು. 2017ರಲ್ಲಿ ಕ್ಯಾಲಿಫೋರ್ನಿಯಾ ಎಬಿ 705 ಎಂಬ ಕಾನೂನನ್ನೇ ಮಾಡಿತು. ಅದರ ಸಾರ ಇಷ್ಟು: ಒಬ್ಬ ವಿದ್ಯಾರ್ಥಿಯನ್ನು ರೆಮಿಡಿಯಲ್‌ಗೆ ಕಳಿಸಬೇಕಾದರೆ, ನೇರ ಕ್ಲಾಸಿನಲ್ಲಿ ಅವನು ಪಾಸಾಗುವ ಸಾಧ್ಯತೆ ತೀರಾ ಕಡಿಮೆ ಅಂತ ಕಾಲೇಜೇ ತೋರಿಸಬೇಕು. ಮೊದಲು ನಾನು ಯೋಗ್ಯ ಅಂತ ತೋರಿಸುವ ಹೊಣೆ ಹುಡುಗನದಾಗಿತ್ತು. ಈಗ ಹೊಣೆ ಅದಲುಬದಲಾಯಿತು.

ಇದಕ್ಕೆ ಮೇಷ್ಟ್ರುಗಳಿಂದ ವಿರೋಧ ಬಂತು, ಈಗಲೂ ಇದೆ. ಅವರ ದೂರಿನಲ್ಲಿ ಸತ್ಯಾಂಶ ಇದೆ. ನೇರ ಕ್ಲಾಸುಗಳಲ್ಲಿ ಪಾಸಾಗುವವರ ಶೇಕಡಾವಾರು ಇಳಿಯಿತು. ಮೊದಲು ಅಲ್ಲಿಗೆ ಜರಡಿ ಹಿಡಿದವರಷ್ಟೇ ಬರುತ್ತಿದ್ದರು, ಈಗ ಎಲ್ಲರೂ ಬರುತ್ತಾರೆ. ಆದರೆ ಶುರು ಮಾಡಿದವರಲ್ಲಿ ಒಂದು ವರ್ಷದೊಳಗೆ ಕಾಲೇಜು ಗಣಿತ ಮುಗಿಸಿದವರ ಪ್ರಮಾಣ ಚೆನ್ನಾಗಿಯೇ ಏರಿತು. ಎರಡೂ ಮಾತು ಒಟ್ಟಿಗೇ ನಿಜ. ಕ್ಲಾಸಿನಲ್ಲಿ ಕೂತವರಿಂದ ಭಾಗಿಸಿದರೆ ಇಳಿಕೆ ಕಾಣುತ್ತದೆ, ಕಾಲೇಜಿನ ಬಾಗಿಲಿಗೆ ಬಂದವರಿಂದ ಭಾಗಿಸಿದರೆ ಏರಿಕೆ ಕಾಣುತ್ತದೆ. ನನ್ನ ಮಟ್ಟಿಗೆ ಎರಡನೆಯದೇ ಸರಿಯಾದ ಭಾಗಾಕಾರ. ಆದರೂ ನೇರ ಕ್ಲಾಸಿಗೆ ಬಂದು ಫೇಲಾದ ಹುಡುಗನಿಗೆ ಜೊತೆಯಲ್ಲೇ ಒಂದು ಸಹಾಯದ ಕ್ಲಾಸು ಇರಲೇಬೇಕು. ಟೆನೆಸಿ ರಾಜ್ಯ 2015ರಿಂದ ಮಾಡಿದ್ದು ಅದನ್ನೇ: ರೆಮಿಡಿಯಲ್ ಮೊದಲು, ಕಾಲೇಜು ಗಣಿತ ಆಮೇಲೆ ಅನ್ನುವ ಬದಲು ಎರಡೂ ಒಂದೇ ಸೆಮಿಸ್ಟರಿನಲ್ಲಿ.

ಯಾವ ಮೇಷ್ಟ್ರ ಕ್ಲಾಸು?

ಕಾಲೇಜಿನ ಡೇಟಾ ಅಂದರೆ ಏನೋ ಭಾರಿ ಸಾಮಗ್ರಿ ಅಂದುಕೊಳ್ಳಬೇಡಿ. ಒಂದು ಸಾಲು ಹೀಗಿರುತ್ತದೆ: ವಿದ್ಯಾರ್ಥಿ ಸಂಖ್ಯೆ, ಸೆಮಿಸ್ಟರ್, ಕೋರ್ಸು, ಸೆಕ್ಷನ್, ಮೇಷ್ಟ್ರ ಹೆಸರು, ಗ್ರೇಡು. ಗ್ರೇಡಿನ ಜಾಗದಲ್ಲಿ ಎ, ಬಿ, ಸಿ, ಡಿ, ಎಫ್, ಇಲ್ಲವೇ ‘ಡಬ್ಲ್ಯೂ’. ಡಬ್ಲ್ಯೂ ಅಂದರೆ ಮಧ್ಯದಲ್ಲಿ ಕ್ಲಾಸು ಬಿಟ್ಟವನು.

ಪಶ್ಚಿಮ ಟೆಕ್ಸಾಸಿನ ಎಣ್ಣೆ ಬಾವಿಗಳ ಊರು ಒಡೆಸ್ಸಾ. ಅಲ್ಲಿನ ಒಡೆಸ್ಸಾ ಕಾಲೇಜು 2011ರ ಸುಮಾರಿಗೆ ಈ ಡಬ್ಲ್ಯೂಗಳ ಹಿಂದೆ ಬಿತ್ತು. ಬಿಟ್ಟವರಲ್ಲಿ ಸಮಾನವಾದದ್ದು ಏನು? ಬಡವರಾ? ಪಾರ್ಟ್‌ಟೈಮಿನವರಾ? ಗಂಡಸರಾ? ಹಳೆಯ ಅಂಕ ಕಡಿಮೆ ಇದ್ದವರಾ? ಯಾವುದರಲ್ಲೂ ಸ್ಪಷ್ಟವಾದ ಎಳೆ ಸಿಗಲಿಲ್ಲ. ಎಳೆ ಸಿಕ್ಕಿದ್ದು ಮೇಷ್ಟ್ರ ಹೆಸರಿನ ಕಾಲಮ್ಮಿನಲ್ಲಿ. ಕೆಲವರ ಕ್ಲಾಸುಗಳಲ್ಲಿ, ಯಾವ ಥರದ ವಿದ್ಯಾರ್ಥಿಗಳು ಬಂದರೂ, ಬಿಡುವವರು ಬೆರಳೆಣಿಕೆಯಷ್ಟು.

ಇಲ್ಲಿಂದ ಎರಡು ದಾರಿ ಇತ್ತು. ಒಂದು, ಹೆಚ್ಚು ಜನ ಬಿಡುವ ಮೇಷ್ಟ್ರುಗಳ ಪಟ್ಟಿ ಮಾಡಿ ನೋಟಿಸ್ ಕೊಡುವುದು. ಕೊಟ್ಟಿದ್ದರೆ ಮರುದಿನದಿಂದ ಯಾರೂ ಡೇಟಾ ಅನ್ನುವ ಶಬ್ದವನ್ನೇ ಕೇಳಿಸಿಕೊಳ್ಳುತ್ತಿರಲಿಲ್ಲ. ಅವರು ಇನ್ನೊಂದು ದಾರಿ ಹಿಡಿದರು. ಹುಡುಗರು ಬಿಡದೇ ಇರುವ ಮೇಷ್ಟ್ರುಗಳ ಹತ್ತಿರ ಹೋಗಿ ನೀವು ಮಾಡುವುದೇನು ಅಂತ ಕೇಳಿದರು. ಪಾಠ ಮಾಡುವ ರೀತಿ ಒಬ್ಬೊಬ್ಬರದು ಒಂದೊಂದು ಥರ ಇತ್ತು. ಒಂದೇ ಆಗಿದ್ದದ್ದು ಬೇರೆ: ಮೊದಲ ವಾರವೇ ಎಲ್ಲರ ಹೆಸರು ಕಲಿಯುತ್ತಾರೆ. ಯಾರು ಹಿಂದೆ ಬೀಳುತ್ತಿದ್ದಾರೆ ಅಂತ ಕಣ್ಣಿಟ್ಟಿರುತ್ತಾರೆ. ಒಬ್ಬೊಬ್ಬರನ್ನೂ ಬೇರೆಯಾಗಿ ಕೂರಿಸಿಕೊಂಡು ಒಂದು ಸಲ ಮಾತಾಡುತ್ತಾರೆ. ನಿಯಮ ಕಟ್ಟುನಿಟ್ಟು, ಆದರೆ ನಿಜವಾದ ಕಷ್ಟ ಬಂದಾಗ ಸಡಿಲ ಬಿಡುತ್ತಾರೆ. ಈ ನಾಲ್ಕನ್ನು ಎಲ್ಲ ಮೇಷ್ಟ್ರುಗಳೂ ಮಾಡೋಣ ಅಂತ ಒಪ್ಪಂದವಾಯಿತು. ಮಧ್ಯದಲ್ಲಿ ಬಿಡುವವರು ಗಣನೀಯವಾಗಿ ಕಡಿಮೆಯಾದರು. ಇದಕ್ಕೆ ಸಾಫ್ಟ್‌ವೇರ್ ಬೇಕಾಗಲಿಲ್ಲ.

ಅದೇ ಕಾಲೇಜು 2014ರಲ್ಲಿ ಹದಿನಾರು ವಾರದ ಸೆಮಿಸ್ಟರನ್ನು ಎಂಟೆಂಟು ವಾರದ ಎರಡು ತುಂಡು ಮಾಡಿತು. ಒಂದೇ ಸಲಕ್ಕೆ ನಾಲ್ಕು ಸಬ್ಜೆಕ್ಟ್ ಹೊರುವ ಬದಲು ಎರಡೆರಡು. ಹದಿನಾರು ವಾರ ಅಂದರೆ ನಾಲ್ಕು ತಿಂಗಳು. ನಾಲ್ಕು ತಿಂಗಳಲ್ಲಿ ಕಾರು ಕೆಡುತ್ತದೆ, ಮಗುವಿಗೆ ಜ್ವರ ಬರುತ್ತದೆ, ಪಾಳಿ ಬದಲಾಗುತ್ತದೆ. ಮಧ್ಯದಲ್ಲಿ ಬಿಡಬೇಕಾಗಿ ಬಂದರೂ ಎರಡು ಸಬ್ಜೆಕ್ಟ್ ಹೋಗುತ್ತವೆ, ನಾಲ್ಕಲ್ಲ.

ಕಾರು, ಮಗು, ಪಾಳಿ ಅಂದೆನಲ್ಲ, ಅದೇ ಟೆಕ್ಸಾಸಿನ ಇನ್ನೊಂದು ಊರು ಅಮರಿಲ್ಲೋದ ಕಾಲೇಜು ವಿದ್ಯಾರ್ಥಿಗಳನ್ನೇ ನೇರವಾಗಿ ಕೇಳಿಬಿಟ್ಟಿತು: ನಿಮಗೆ ಅಡ್ಡಿ ಏನು? ಗಣಿತ ಕಷ್ಟ, ಮೇಷ್ಟ್ರು ಸರಿಯಿಲ್ಲ, ಇಂಥ ಉತ್ತರ ಬರುತ್ತದೆ ಅಂದುಕೊಂಡಿದ್ದರು. ಬಂದ ಮೊದಲ ಹತ್ತು ಉತ್ತರಗಳಲ್ಲಿ ಪಾಠದ ವಿಷಯ ಒಂದೂ ಇರಲಿಲ್ಲ. ಊಟ, ಮನೆ ಬಾಡಿಗೆ, ಮಗುವನ್ನು ಬಿಡಲು ಜಾಗ, ಓಡಾಟದ ಖರ್ಚು, ಹೀಗೆ. ಕಾಲೇಜು ತನ್ನ ದಾಖಲೆಯ ಸರಾಸರಿಗಳನ್ನೆಲ್ಲ ಕೂಡಿಸಿ ಒಬ್ಬ ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಂಡು ಅವಳಿಗೆ ‘ಮರಿಯಾ’ ಅಂತ ಹೆಸರಿಟ್ಟಿತು. ಹಿಸ್ಪಾನಿಕ್ (ಸ್ಪ್ಯಾನಿಷ್ ಭಾಷೆಯ ದೇಶಗಳ ಮೂಲದ) ಹೆಂಗಸು, ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರಲ್ಲಿ ಮೊದಲನೆಯವಳು, ಎರಡು ಕಡೆ ಕೆಲಸ, ಪಾರ್ಟ್‌ಟೈಮ್ ಓದು, ಸರಾಸರಿ 1.2 ಮಕ್ಕಳು! ಆಮೇಲೆ ಯಾವ ನಿಯಮ ಮಾಡುವಾಗಲೂ ಕೇಳುವ ಪ್ರಶ್ನೆ: ಇದು ಮರಿಯಾಗೆ ಆಗುತ್ತಾ? ಕ್ಯಾಂಪಸ್ಸಿನಲ್ಲೇ ದಿನಸಿ ಸಿಗುವ ಕೋಣೆ, ಸೋಷಿಯಲ್ ವರ್ಕರ್‌ಗಳು, ತುರ್ತು ಹಣ, ಎಲ್ಲ ಒಂದೇ ಕಡೆ ಬಂದವು. ಹುಡುಗರು ಬಂದು ಕೇಳಲಿ ಅಂತ ಕಾಯದೆ, ಆದಾಯ ಕಡಿಮೆ ಇರುವ ಹೊಸಬರಿಗೆ ಕಾಲೇಜೇ ಮೊದಲು ಸುದ್ದಿ ಕಳಿಸಲು ಶುರು ಮಾಡಿತು. ಕಮ್ಯುನಿಟಿ ಕಾಲೇಜುಗಳಿಗೆ ಸಿಗುವ ದೊಡ್ಡ ಗೌರವ ಆಸ್ಪೆನ್ ಪ್ರಶಸ್ತಿ. 2023ರಲ್ಲಿ ಅದನ್ನು ಹಂಚಿಕೊಂಡ ಇಬ್ಬರಲ್ಲಿ ಅಮರಿಲ್ಲೋ ಒಂದು.

ಕೆಂಪು, ಹಳದಿ, ಹಸಿರು

ಈಗ ಡೇಟಾ ಅಂದಕೂಡಲೇ ಎಲ್ಲರ ತಲೆಗೆ ಬರುವುದು ಭವಿಷ್ಯ ಹೇಳುವ ಸಾಫ್ಟ್‌ವೇರ್. ಹಳೆಯ ವಿದ್ಯಾರ್ಥಿಗಳ ದಾಖಲೆ ತಿನ್ನಿಸಿದರೆ ಹೊಸಬರಲ್ಲಿ ಯಾರು ಬಿಡಬಹುದು ಅಂತ ಅದು ಹೇಳುತ್ತದೆ. ಹೆಸರಿನ ಪಕ್ಕ ಒಂದು ಬಣ್ಣ. ಕೆಂಪು ಅಂದರೆ ಅಪಾಯ.

ಇಂಥ ಎಚ್ಚರಿಕೆ ಉಪಯೋಗಕ್ಕೆ ಬಾರದ್ದೇನಲ್ಲ. ಸಾವಿರ ಹುಡುಗರಿಗೆ ಒಬ್ಬರೇ ಸಲಹೆಗಾರರಿದ್ದರೆ ಯಾರಿಗೆ ಮೊದಲು ಫೋನ್ ಮಾಡಬೇಕು ಅಂತ ಗೊತ್ತಾದರೆ ಒಳ್ಳೆಯದೇ. ಆದರೆ ವರ್ಜೀನಿಯಾದ 23 ಕಮ್ಯುನಿಟಿ ಕಾಲೇಜುಗಳ ದಾಖಲೆ ಇಟ್ಟುಕೊಂಡು ಸಂಶೋಧಕರು ಬೇರೆ ಬೇರೆ ಲೆಕ್ಕದ ವಿಧಾನಗಳನ್ನು ಹೋಲಿಸಿ 2021ರಲ್ಲಿ ಪ್ರಕಟಿಸಿದರು. ದುಬಾರಿ, ಜಟಿಲ ವಿಧಾನಗಳು ಹಳೆಯ ಸರಳ ವಿಧಾನಗಳಿಗಿಂತ ಹೆಚ್ಚೇನೂ ಮುಂದಿರಲಿಲ್ಲ. ಅದಕ್ಕಿಂತ ಯೋಚಿಸಬೇಕಾದ ವಿಷಯ, ಒಟ್ಟಾರೆ ಒಂದೇ ಮಟ್ಟಕ್ಕೆ ಸರಿಯಾಗಿರುವ ಎರಡು ವಿಧಾನಗಳು ಒಬ್ಬನೇ ಹುಡುಗನನ್ನು ಬೇರೆ ಬೇರೆ ಬಣ್ಣದಲ್ಲಿ ಕೂರಿಸಬಲ್ಲವು. ಕಾಲೇಜು ಯಾವ ಸಾಫ್ಟ್‌ವೇರ್ ಕೊಂಡಿದೆ ಅನ್ನುವುದರ ಮೇಲೆ ನೀವು ಕೆಂಪೋ ಹಳದಿಯೋ ನಿರ್ಧಾರ.

ಅದೇ ವರ್ಷ ‘ದಿ ಮಾರ್ಕಪ್’ ಎಂಬ ಸುದ್ದಿ ಸಂಸ್ಥೆ ಇನ್ನೊಂದನ್ನು ಬಯಲು ಮಾಡಿತು. ನೂರಾರು ಕಾಲೇಜುಗಳು ಕೊಂಡಿದ್ದ ಒಂದು ಸಾಫ್ಟ್‌ವೇರ್, ಕೆಲವು ದೊಡ್ಡ ಸರ್ಕಾರಿ ಯೂನಿವರ್ಸಿಟಿಗಳಲ್ಲಿ, ವಿದ್ಯಾರ್ಥಿಯ ಜನಾಂಗವನ್ನೇ ಲೆಕ್ಕಕ್ಕೆ ಹಾಕಿಕೊಳ್ಳುತ್ತಿತ್ತು. ಕರಿಯ ವಿದ್ಯಾರ್ಥಿಗಳ ಹೆಸರಿನ ಪಕ್ಕ ಕೆಂಪು ಬೀಳುವುದು ಕೆಲವು ಕಡೆ ಬಿಳಿಯರಿಗಿಂತ ಹಲವು ಪಟ್ಟು ಹೆಚ್ಚಿತ್ತು. ಕೆಂಪು ನೋಡಿದ ಸಲಹೆಗಾರ ‘ಬಾ, ಸಹಾಯ ಮಾಡುತ್ತೇನೆ’ ಅಂದರೆ ಸರಿ. ‘ಇಂಜಿನಿಯರಿಂಗ್ ನಿನಗೆ ಕಷ್ಟ, ಸುಲಭದ್ದೇನಾದರೂ ತಗೋ’ ಅಂದರೆ? ಬಣ್ಣ ಅದೇ, ಡೇಟಾ ಅದೇ.

ಎಷ್ಟು ದೂರ ಹೋಗಬಹುದು ಅನ್ನುವುದಕ್ಕೆ ಮೇರಿಲ್ಯಾಂಡಿನ ಮೌಂಟ್ ಸೇಂಟ್ ಮೇರೀಸ್ ಯೂನಿವರ್ಸಿಟಿ ಉದಾಹರಣೆ. ಇದು ಕಮ್ಯುನಿಟಿ ಕಾಲೇಜಲ್ಲ, ನಾಲ್ಕು ವರ್ಷದ ಖಾಸಗಿ ಸಂಸ್ಥೆ. ಹೊಸ ವಿದ್ಯಾರ್ಥಿಗಳಿಗೆ ಒಂದು ಸರ್ವೆ ಕೊಟ್ಟು, ಉತ್ತರ ನೋಡಿ, ಬಿಡಬಹುದಾದ 20ರಿಂದ 25 ಜನರನ್ನು ಸೆಪ್ಟೆಂಬರಿನೊಳಗೇ ಹೊರಗೆ ಕಳಿಸುವ ಯೋಚನೆ ಅಲ್ಲಿನ ಅಧ್ಯಕ್ಷರಿಗೆ ಬಂದಿತ್ತು. ಸರ್ಕಾರಕ್ಕೆ ಲೆಕ್ಕ ಕೊಡುವ ತಾರೀಖಿಗೆ ಮುಂಚೆ ಹೋದವರು ಲೆಕ್ಕಕ್ಕೇ ಬರುವುದಿಲ್ಲವಲ್ಲ, ಶೇಕಡಾವಾರು ಮೇಲೇರುತ್ತದೆ. 2016ರ ಜನವರಿಯಲ್ಲಿ ವಿದ್ಯಾರ್ಥಿಗಳ ಪತ್ರಿಕೆಯೇ ಇದನ್ನು ಹೊರಹಾಕಿತು, ಮುಂದಿನ ತಿಂಗಳು ಅಧ್ಯಕ್ಷರು ರಾಜೀನಾಮೆ ಕೊಟ್ಟರು. ಮುಗಿಸುವವರ ಪ್ರಮಾಣ ಏರಿಸಲು ಎರಡು ಉಪಾಯ ಇವೆ: ಭಿನ್ನರಾಶಿಯ ಮೇಲಿನ ಸಂಖ್ಯೆ ಹೆಚ್ಚಿಸುವುದು, ಇಲ್ಲವೇ ಕೆಳಗಿನದನ್ನು ಕಡಿಮೆ ಮಾಡುವುದು.

ಖಾಸಗಿತನದ ಕಾನೂನು ಇದೆ. 1974ರ ಫರ್ಪಾ ಕಾಯ್ದೆ ವಿದ್ಯಾರ್ಥಿಯ ದಾಖಲೆ ಹೊರಗಿನವರಿಗೆ ಹೋಗದಂತೆ ತಡೆಯುತ್ತದೆ. ಆದರೆ ಕಾಲೇಜಿನ ಒಳಗೆ ಆ ದಾಖಲೆಯಿಂದ ಏನು ಮಾಡುತ್ತಾರೆ ಅನ್ನುವುದಕ್ಕೆ ಅದರಲ್ಲಿ ಹೆಚ್ಚಿನ ಉತ್ತರ ಇಲ್ಲ.

ದುಡ್ಡು ಹೋಗುವುದು ಎಲ್ಲಿಗೆ?

ಎಲ್ಲಿ ಬಿಡುತ್ತಾರೆ ಅಂತ ಗೊತ್ತಾದ ಮೇಲೆ ಅಲ್ಲಿ ಒಬ್ಬ ಮನುಷ್ಯ ನಿಲ್ಲಬೇಕು. ಅದಕ್ಕೆ ಸಂಬಳ ಬೇಕು. ಈ ಮಾತು ಡೇಟಾ ಕುರಿತ ಭಾಷಣಗಳಲ್ಲಿ ಯಾಕೋ ಕೊನೆಗೆ ಬರುತ್ತದೆ.

ನ್ಯೂಯಾರ್ಕ್ ನಗರದ ಸರ್ಕಾರಿ ಯೂನಿವರ್ಸಿಟಿ ಕ್ಯೂನಿ 2007ರಲ್ಲಿ ‘ಏಸ್ಯಾಪ್’ ಅನ್ನುವ ಕಾರ್ಯಕ್ರಮ ಶುರು ಮಾಡಿತು. ಸೇರಿದವರು ಫುಲ್‌ಟೈಮ್ ಓದಬೇಕು. ಬದಲಿಗೆ ಫೀಸಿನಲ್ಲಿ ಉಳಿದ ಬಾಕಿ ಮನ್ನಾ, ಪುಸ್ತಕ ಉಚಿತ, ಊರೊಳಗೆ ಓಡಾಡಲು ಮೆಟ್ರೋಕಾರ್ಡ್ ಉಚಿತ. ಸಾಮಾನ್ಯವಾಗಿ ಒಬ್ಬ ಸಲಹೆಗಾರರ ಪಾಲಿಗೆ 600ರಿಂದ 1,500 ವಿದ್ಯಾರ್ಥಿಗಳಿದ್ದರೆ, ಇಲ್ಲಿ ಆಗ 60ರಿಂದ 80. ಮೆಟ್ರೋಕಾರ್ಡಿನಲ್ಲಿ ಒಂದು ಜಾಣತನ ಇತ್ತು. ತಿಂಗಳ ಕಾರ್ಡು ಬೇಕಾದರೆ ಕಾರ್ಯಕ್ರಮದಲ್ಲಿ ಸರಿಯಾಗಿ ಭಾಗವಹಿಸಬೇಕಿತ್ತು, ಸಲಹೆಗಾರರನ್ನು ಕಾಣಬೇಕಿತ್ತು. ಬರದವರು ಯಾರು ಅಂತ ಆ ತಿಂಗಳೇ ಗೊತ್ತಾಗುತ್ತಿತ್ತು, ಸೆಮಿಸ್ಟರ್ ಮುಗಿದ ಮೇಲಲ್ಲ.

ಎಂಡಿಆರ್‌ಸಿ ಎಂಬ ಸಂಶೋಧನಾ ಸಂಸ್ಥೆ ಇದನ್ನು ಔಷಧಿ ಪರೀಕ್ಷೆಯ ರೀತಿಯಲ್ಲೇ ಪರೀಕ್ಷಿಸಿತು. ಬಡತನದ ಹಿನ್ನೆಲೆಯ, ಒಂದೆರಡು ರೆಮಿಡಿಯಲ್ ಬಾಕಿ ಇದ್ದ 896 ಜನರನ್ನು ಲಾಟರಿ ಎತ್ತಿ ಎರಡು ಗುಂಪು ಮಾಡಿತು. ಮೂರು ವರ್ಷಕ್ಕೆ ಮಾಮೂಲಿ ಗುಂಪಿನಲ್ಲಿ ಡಿಗ್ರಿ ಪಡೆದವರು ಶೇ. 22, ಏಸ್ಯಾಪ್ ಗುಂಪಿನಲ್ಲಿ ಶೇ. 40. ಖರ್ಚು ಒಬ್ಬರಿಗೆ ಮೂರು ವರ್ಷಕ್ಕೆ 16,000 ಡಾಲರಿಗೂ ಜಾಸ್ತಿ ಆಯಿತು. ಆದರೆ ಒಟ್ಟು ಖರ್ಚನ್ನು ಸೇರಿದವರಿಂದ ಭಾಗಿಸದೆ ಡಿಗ್ರಿ ಪಡೆದವರಿಂದ ಭಾಗಿಸಿದರೆ, ಒಂದು ಡಿಗ್ರಿಗೆ ತಗುಲಿದ ವೆಚ್ಚ ಏಸ್ಯಾಪ್‌ನಲ್ಲೇ ಕಡಿಮೆ. ಒಹಾಯೋ ರಾಜ್ಯದ ಮೂರು ಕಾಲೇಜುಗಳಲ್ಲಿ ಇದನ್ನೇ ಮಾಡಿ ನೋಡಿದಾಗ 19 ಇದ್ದದ್ದು 35 ಆಯಿತು. ಇಷ್ಟಾದರೂ ದೇಶದ ಬಹುಪಾಲು ಕಾಲೇಜುಗಳಲ್ಲಿ ಇದು ಇಲ್ಲ. ಒಂದು ಕಾರಣ ಸರಳ: ಹಲವು ಕಡೆ ಬಜೆಟ್ ಬರುವುದು ಹೆಚ್ಚಾಗಿ ಸೇರಿದವರ ತಲೆ ಎಣಿಸಿ, ಮುಗಿಸಿದವರ ತಲೆ ಎಣಿಸಿ ಅಲ್ಲ. ಕ್ಯಾಲಿಫೋರ್ನಿಯಾದಲ್ಲಂತೂ ಬಹುಕಾಲ ಸೆಮಿಸ್ಟರಿನ ಐದನೇ ಒಂದು ಭಾಗ ಮುಗಿಯುವ ದಿನಕ್ಕೆ ಕ್ಲಾಸಿನಲ್ಲಿ ಎಷ್ಟು ಜನ ಇದ್ದಾರೆ ಅನ್ನುವುದೇ ಹಣಕ್ಕೆ ಆಧಾರವಾಗಿತ್ತು.

ಖರ್ಚಿಲ್ಲದೆ ಸಿಕ್ಕ ಡಿಗ್ರಿಗಳೂ ಇವೆ. 2009ರ ಸುಮಾರಿಗೆ ‘ಪ್ರಾಜೆಕ್ಟ್ ವಿನ್-ವಿನ್’ ಎಂಬ ಕೆಲಸದಲ್ಲಿ ಒಂಬತ್ತು ರಾಜ್ಯಗಳ ಅರವತ್ತರಷ್ಟು ಕಾಲೇಜುಗಳು ಓದು ಬಿಟ್ಟವರ ಹಳೆಯ ದಾಖಲೆ ಮತ್ತೆ ತೆರೆದು, ಒಬ್ಬೊಬ್ಬರ ಕ್ರೆಡಿಟ್ ಎಣಿಸಿದವು. ಡಿಗ್ರಿಗೆ ಬೇಕಾದ್ದೆಲ್ಲ ಮುಗಿಸಿ, ಡಿಗ್ರಿ ಮಾತ್ರ ಪಡೆಯದೆ ಹೋದವರು ಸಾವಿರಾರು ಜನ ಸಿಕ್ಕರು. ಡಿಗ್ರಿ ಬೇಕು ಅಂತ ಒಂದು ಅರ್ಜಿ ಹಾಕಬೇಕಿತ್ತು, ಅವರು ಹಾಕಿರಲಿಲ್ಲ ಅಷ್ಟೇ. ಕೆಲವರಿಗೆ ಅದು ಗೊತ್ತಿರಲಿಲ್ಲ. ಇವರಲ್ಲದೆ, ಒಂದೆರಡು ಸಬ್ಜೆಕ್ಟ್ ಮಾತ್ರ ಬಾಕಿ ಇದ್ದವರೂ ಸಿಕ್ಕರು. ಹುಡುಕಿ ಹೊರಟರೆ ಎಷ್ಟೋ ಜನರ ವಿಳಾಸ ಬದಲಾಗಿತ್ತು, ಫೋನ್ ನಂಬರು ಹಳೆಯದಾಗಿತ್ತು. ಅದಾದ ಮೇಲೆ ಕೆಲವು ಕಾಲೇಜುಗಳು ಪದ್ಧತಿಯನ್ನೇ ತಿರುಗಿಸಿದವು. ಕ್ರೆಡಿಟ್ ತುಂಬಿದ ದಿನ ಡಿಗ್ರಿ ತಾನಾಗಿಯೇ ಬರುತ್ತದೆ. ಬೇಡ ಅನ್ನುವವರು ಅರ್ಜಿ ಹಾಕಬೇಕು.